ಗೋಧಿ ಗುಡ್ಡದ ಕಾಲೇಜಲ್ಲಿ ಓಡಿದ ನಂದಿಯ ಹುಡುಗ

ನಂದಿ ಬೆಟ್ಟ ಎಂದರೆ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಒಂದೇ. ಆದರೆ ಆಫ್ರಿಕಾದ ಕೀನ್ಯಾ ದೇಶದಲ್ಲೂ ಒಂದು ನಂದಿ ಬೆಟ್ಟ ಇದೆ. ಅಲ್ಲಿ ಬಸವಣ್ಣನ ಗುಡಿ ಇಲ್ಲ. ನಂದಿ ಅನ್ನೋದು ಅಲ್ಲಿನ ಒಂದು ಜನಾಂಗದ ಹೆಸರು. ದನ ಸಾಕೋರು, ಜೋಳ ಬೆಳೆಯೋರು. ನಮ್ಮ ಬೆಟ್ಟದ ನೆತ್ತಿ ಸಮುದ್ರಮಟ್ಟಕ್ಕಿಂತ 1,478 ಮೀಟರ್ ಎತ್ತರ. ಆ ಜನ ಮನೆ ಕಟ್ಟಿಕೊಂಡು ಹೊಲ ಮಾಡೋ ಜಾಗವೇ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಮುಸುಕಿನ ಜೋಳದ ಹಿಟ್ಟನ್ನು ನೀರಲ್ಲಿ ತಿರುವಿ ಮುದ್ದೆ ಮಾಡಿ ತಿಂತಾರೆ, ಉಗಾಲಿ ಅಂತ ಅದರ ಹೆಸರು. ಮುಸುಕಿನ ಜೋಳ ಬರೋದಕ್ಕೆ ಮುಂಚೆ ಅಲ್ಲೂ ರಾಗಿಯೇ. ಅಷ್ಟೇಕೆ, ನಮ್ಮ ರಾಗಿಯ ತವರು ಪೂರ್ವ ಆಫ್ರಿಕಾದ ಆ ಎತ್ತರದ ಸೀಮೆಯೇ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಇಲ್ಲಿಗೆ ಬಂದಿದ್ದು. ಆ ಲೆಕ್ಕದಲ್ಲಿ ಅವರು ನಮಗೆ ಬೀಗರ ಹಾಗೆ.

ಈ ನಂದಿ ಸೀಮೆಯಲ್ಲಿ 1952ರಲ್ಲಿ ಹುಟ್ಟಿದ ಒಬ್ಬ ಹುಡುಗನ ವಿಷಯ ಬರೀಬೇಕು ಅಂತ ಬಹಳ ದಿನದಿಂದ ಇತ್ತು. ಹೆಸರು ಹೆನ್ರಿ ರೋನೊ. ವಯಸ್ಸಲ್ಲಿ ನನಗಿಂತ ದೊಡ್ಡವರು, ಈಗ ತೀರಿಕೊಂಡಿದ್ದಾರೆ. ಆದರೆ ಅವರ ಕಥೆ ಕೇಳುವಾಗ ಓಡೋ ಹುಡುಗನಾಗಿಯೇ ಕಣ್ಣ ಮುಂದೆ ಬರ್ತಾರೆ. ಅದಕ್ಕೇ ಏಕವಚನದಲ್ಲಿ ಬರೀತೀನಿ, ಓದುಗರು ಬೇರೆ ತಿಳ್ಕೋಬಾರದು. ನನ್ನದು ಏಳನೇ ಕ್ಲಾಸು. ಈ ಕಥೆಯನ್ನು ಮೊದಲು ಹೇಳಿದವರು ನಮ್ಮೂರ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಆಮೇಲೆ ನನ್ನ ಮಗ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದ. ಕೃಷಿ ಪತ್ರಿಕೆಗೆ ಓಟದ ಕಥೆ ಯಾಕೆ ಅಂತ ಕೇಳೋರಿಗೆ ಮುಂದೆ ಉತ್ತರ ಸಿಗುತ್ತೆ.

ರೋನೊ ಚಿಕ್ಕವನಿದ್ದಾಗ ಅದೇ ನಂದಿ ಜನರ ಕಿಪ್ ಕೀನೊ ದೊಡ್ಡ ಹೆಸರು ಮಾಡಿದ್ದ. 1968ರಲ್ಲಿ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 1,500 ಮೀಟರ್ ಚಿನ್ನ, 1972ರಲ್ಲಿ ಮ್ಯೂನಿಕ್‌ನಲ್ಲಿ ಸ್ಟೀಪಲ್‌ಚೇಸ್ ಚಿನ್ನ. ಊರಿನ ಹುಡುಗರಿಗೆಲ್ಲ ಅವನಂತೆ ಓಡೋ ಹುಚ್ಚು. ರೋನೊ ಸೈನ್ಯ ಸೇರಿದ, ಅಲ್ಲಿ ಓಟ ಗಟ್ಟಿಯಾಯ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಆಯ್ಕೆಯೂ ಆದ. ಆದರೆ ಓಡಲಿಲ್ಲ. ಕರಿಯರನ್ನು ತುಳಿಯುತ್ತಿದ್ದ ದಕ್ಷಿಣ ಆಫ್ರಿಕಾಕ್ಕೆ ನ್ಯೂಜಿಲೆಂಡಿನ ರಗ್ಬಿ ತಂಡ ಹೋಗಿ ಆಡಿತ್ತು. ಆ ನ್ಯೂಜಿಲೆಂಡನ್ನು ಹೊರಗೆ ಹಾಕಲಿಲ್ಲ ಅಂತ ಆಫ್ರಿಕಾದ ಬಹುತೇಕ ದೇಶಗಳು ಒಲಿಂಪಿಕ್ಸ್ ಬಿಟ್ಟು ಬಂದವು. ಸಿಟ್ಟು ನ್ಯಾಯದ್ದೇ. ಆದರೆ ವರ್ಷಗಟ್ಟಲೆ ಬೆವರು ಸುರಿಸಿದ ಹುಡುಗನ ಬೆಳೆ ಮಾತ್ರ ಕಟಾವಿನ ದಿನ ನೆಲ ಕಚ್ಚಿತು.

ಆ ವರ್ಷದ ಕೊನೆಯ ಹೊತ್ತಿಗೆ ಅವನು ಅಮೆರಿಕದ ಒಂದು ಕಾಲೇಜಿನಲ್ಲಿದ್ದ. ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿ, ಊರು ಪುಲ್‌ಮನ್. ನಮಗೆ ಬೇಕಾದ ಜಾಗ ಇಲ್ಲಿ ಬಂತು ನೋಡಿ.

ಖುಷ್ಕಿ ಬೇಸಾಯದ ನಡುವೆ ಕಾಲೇಜು

ಪುಲ್‌ಮನ್ ಇರೋ ಸೀಮೆಗೆ ಪಲೂಸ್ ಅಂತಾರೆ. ಎಲ್ಲಿ ನೋಡಿದರೂ ಅಲೆ ಅಲೆಯಾಗಿ ಮಣ್ಣಿನ ಗುಡ್ಡ, ಗುಡ್ಡದ ಮೇಲೆಲ್ಲ ಗೋಧಿ. ಅಮೆರಿಕದಲ್ಲಿ ಅತಿ ಹೆಚ್ಚು ಗೋಧಿ ಬೆಳೆಯೋ ಜಿಲ್ಲೆಗಳಲ್ಲಿ ಅದೂ ಒಂದು. ವಿಶೇಷ ಏನಪ್ಪಾ ಅಂದ್ರೆ ಅಲ್ಲಿ ನೀರಾವರಿ ಇಲ್ಲ, ಪೂರಾ ಮಳೆಯಾಶ್ರಿತ. ಪುಲ್‌ಮನ್ನಿನ ಮಳೆ ವರ್ಷಕ್ಕೆ 21 ಇಂಚಿನ ಆಸುಪಾಸು. ನಮ್ಮ ಕಡೆ ಅದಕ್ಕಿಂತ ಜಾಸ್ತಿಯೇ ಬೀಳುತ್ತೆ! ಆದರೆ ಅವರದು ಗಾಳಿ ತಂದು ಸುರಿದ ಆಳವಾದ ಮಣ್ಣು. ಚಳಿಗಾಲದ ಮಳೆ, ಹಿಮ ಕರಗಿದ ನೀರು, ಎಲ್ಲಾ ಮಣ್ಣೊಳಗೆ ಇಂಗಿ ಕೂತಿರುತ್ತೆ. ಬೇಸಿಗೆಯಲ್ಲಿ ಬೇರು ಅದನ್ನು ಕುಡೀತದೆ. ನಮ್ಮದು ಒಂದೂವರೆ ಅಡಿ ಕೆಮ್ಮಣ್ಣು, ಕೆಳಗೆ ಕಲ್ಲು. ಬಂದ ಮಳೆ ಕಾಲುವೆಗೆ ಓಡುತ್ತೆ. ಅವರಿಗೂ ಕಷ್ಟ ಇಲ್ಲದಿಲ್ಲ. ಇಳಿಜಾರನ್ನು ಉತ್ತು ಉತ್ತು ಎಷ್ಟೋ ಗುಡ್ಡದ ನೆತ್ತಿಯ ಮೇಲ್ಮಣ್ಣು ಕೊಚ್ಚಿಹೋಗಿದೆ. ಪಡುವಲ ಭಾಗದಲ್ಲಿ ಮಳೆ ಇನ್ನೂ ಕಡಿಮೆ. ಅಲ್ಲಿನವರು ಒಂದು ವರ್ಷ ಗೋಧಿ ಬಿತ್ತಿ ಮುಂದಿನ ವರ್ಷ ಹೊಲ ಬೀಳು ಬಿಡ್ತಾರೆ.

ಆ ಯೂನಿವರ್ಸಿಟಿಯೂ 1890ರಲ್ಲಿ ಬೇಸಾಯದ ಕಾಲೇಜಾಗಿ ಶುರುವಾದದ್ದು. ಆರ್ವಿಲ್ ವೋಗೆಲ್ ಅನ್ನೋ ವಿಜ್ಞಾನಿ ಅಲ್ಲಿದ್ದುಕೊಂಡು ಜಪಾನಿನ ನೋರಿನ್-10 ಅನ್ನೋ ಗಿಡ್ಡ ಗೋಧಿಯನ್ನು ಅಮೆರಿಕದ ತಳಿಗೆ ಕೂಡಿಸಿದರು. ಆ ಕಾಳು ಮೆಕ್ಸಿಕೊದಲ್ಲಿದ್ದ ನಾರ್ಮನ್ ಬೋರ್ಲಾಗ್ ಕೈಗೆ ಹೋಯ್ತು. ಬೋರ್ಲಾಗರ ಗಿಡ್ಡ ಗೋಧಿಯನ್ನು 1966ರಲ್ಲಿ ನಮ್ಮ ಸರ್ಕಾರ 18,000 ಟನ್ ಬಿತ್ತನೆಗೆ ತರಿಸಿತು. ಹಸಿರು ಕ್ರಾಂತಿ ಅಂತ ನಾವು ಕರೆದಿದ್ದರ ಒಂದು ಬೇರು ಪುಲ್‌ಮನ್ನಿನ ಹೊಲದಲ್ಲಿದೆ. ನಮ್ಮಂಥ ರಾಗಿ ರೈತರಿಗೆ ಅದರಿಂದ ಏನು ಬಂತು ಅನ್ನೋದು ಬೇರೆ ಮಾತು, ಇನ್ನೊಂದು ಸಲ ಬರೀತೀನಿ.

ಈ ಊರಿಗೆ ಕೀನ್ಯಾದ ಓಟಗಾರರನ್ನು ಕರೆಸುತ್ತಿದ್ದವರು ಕೋಚ್ ಜಾನ್ ಚಾಪ್ಲಿನ್. ಫೀಸು, ಊಟ, ಹಾಸ್ಟೆಲ್ ಎಲ್ಲಾ ಕಾಲೇಜಿನದು. ಬದಲಿಗೆ ಹುಡುಗ ಕಾಲೇಜಿನ ಹೆಸರಲ್ಲಿ ಓಡಬೇಕು. ಆಗಿನ ನಿಯಮದ ಪ್ರಕಾರ ಓಟದಿಂದ ದುಡ್ಡು ಮುಟ್ಟೋ ಹಾಗಿಲ್ಲ. (ಆ ನಿಯಮ 2021ರಿಂದ ಸಡಿಲವಾಗಿದೆ. ಈಗ ಅಲ್ಲಿನ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಸಂಪಾದಿಸಬಹುದು.) ಕಾಲೇಜಿನ ವರ್ಷಕ್ಕೆ ಅಲ್ಲಿ ಮೂರು ಬೆಳೆ: ಚಳಿ ಶುರುವಾಗೋ ಮುಂಚೆ ಹೊಲ ಗುಡ್ಡದ ಮೇಲಿನ ಕ್ರಾಸ್‌ಕಂಟ್ರಿ ಓಟ, ಹಿಮ ಬೀಳುವಾಗ ಸೂರಿನ ಕೆಳಗಿನ ಓಟ, ಆಮೇಲೆ ಬಯಲಿನ ಟ್ರ್ಯಾಕ್ ಓಟ. ಮೂರಕ್ಕೂ ಅದೇ ಎರಡು ಕಾಲು.

1976ರ ನವೆಂಬರಿನಲ್ಲೇ ರೋನೊ ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ಕ್ರಾಸ್‌ಕಂಟ್ರಿ ಗೆದ್ದ. 1977ರಲ್ಲಿ ಮತ್ತೆ ಗೆದ್ದ. ಅವನ ಜೊತೆಗೇ ಅದೇ ಕಾಲೇಜಿನಲ್ಲಿದ್ದ ಇನ್ನೊಬ್ಬ ಕೀನ್ಯಾದ ಹುಡುಗ ಸ್ಯಾಮ್ಸನ್ ಕಿಮೊಬ್ವಾ 1977ರಲ್ಲಿ 10,000 ಮೀಟರ್ ವಿಶ್ವದಾಖಲೆ ಮಾಡಿದ. ಒಂದು ಹಳ್ಳಿಗಾಡಿನ ಕಾಲೇಜು, ಪಕ್ಕ ಪಕ್ಕದ ಇಬ್ಬರು ಹುಡುಗರು! ದೊಡ್ಡ ಪ್ರಾಯದ ಪರದೇಶದವರನ್ನು ತಂದು ಗೆಲ್ತಾರೆ ಅಂತ ಬೇರೆ ಕಾಲೇಜಿನವರಿಗೆ ಹೊಟ್ಟೆ ಉರಿ. ರೋನೊಗೆ ಆಗಲೇ 24 ದಾಟಿತ್ತು ಅನ್ನೋದೂ ನಿಜ.

81 ದಿನ, ನಾಲ್ಕು ದಾಖಲೆ

1978ರ ಏಪ್ರಿಲ್ 8. ಬರ್ಕ್‌ಲಿಯಲ್ಲಿ ಕಾಲೇಜುಗಳ ಸಾಮಾನ್ಯ ಕೂಟ. ರೋನೊ 5,000 ಮೀಟರನ್ನು 13 ನಿಮಿಷ 8.4 ಸೆಕೆಂಡಿನಲ್ಲಿ ಓಡಿದ. ಹಳೆಯ ವಿಶ್ವದಾಖಲೆಗಿಂತ ನಾಲ್ಕೂವರೆ ಸೆಕೆಂಡ್ ಕಡಿಮೆ.

ಮೇ 13, ಸಿಯಾಟಲ್. 3,000 ಮೀಟರ್ ಸ್ಟೀಪಲ್‌ಚೇಸ್. ಇದು ಬರೀ ಓಟ ಅಲ್ಲ. ಮೂರಡಿ ಎತ್ತರದ ಮರದ ತಡೆಯನ್ನು 28 ಸಲ ಹಾರಬೇಕು, ನೀರಿನ ಗುಂಡಿಯನ್ನು 7 ಸಲ ದಾಟಬೇಕು. ನಮ್ಮಲ್ಲಿ ಬದು ಹಾರಿ ಹಳ್ಳ ದಾಟಿ ಶಾಲೆಗೆ ಹೋದೋರಿಗೆ ಅರ್ಥವಾಗುತ್ತೆ. 8 ನಿಮಿಷ 5.4 ಸೆಕೆಂಡ್. ಎರಡನೇ ವಿಶ್ವದಾಖಲೆ. 

ಜೂನ್ 11, ಆಸ್ಟ್ರಿಯಾದ ವಿಯೆನ್ನಾ. 10,000 ಮೀಟರ್, 27 ನಿಮಿಷ 22 ಸೆಕೆಂಡ್ ಚಿಲ್ಲರೆ. ತನ್ನ ಕಾಲೇಜಿನ ಗೆಳೆಯನ ದಾಖಲೆಯನ್ನೇ 8 ಸೆಕೆಂಡ್ ಇಳಿಸಿದ. ನಮ್ಮೂರಿಂದ ಹೋಬಳಿಗೆ 10 ಕಿಲೋಮೀಟರ್. ಕೆಂಪು ಬಸ್ಸು ನಿಲ್ಲಿಸಿ ನಿಲ್ಲಿಸಿ ಅರ್ಧ ಗಂಟೆ ತಗೊಳ್ಳುತ್ತೆ. ಇವನು ಕಾಲಲ್ಲಿ ಬಸ್ಸಿಗಿಂತ ಮೊದಲು ಹೋಗಿ ಟೀ ಕುಡೀತಾ ಕೂತಿರ್ತಿದ್ದ.

ಜೂನ್ 27, ನಾರ್ವೆಯ ಆಸ್ಲೊ. 3,000 ಮೀಟರ್, 7 ನಿಮಿಷ 32.1 ಸೆಕೆಂಡ್. ನಾಲ್ಕನೆಯದು. ಏಪ್ರಿಲ್ 8ರಿಂದ ಎಣಿಸಿದರೆ 81 ದಿನ. ಅಂದರೆ ನಮ್ಮ ಹುರುಳಿ ಬಿತ್ತಿ ಕೀಳೋದಕ್ಕಿಂತ ಕಡಿಮೆ ದಿನದಲ್ಲಿ ನಾಲ್ಕು ಬೇರೆ ಬೇರೆ ದೂರದ ವಿಶ್ವದಾಖಲೆ, ಅದೂ ಕಾಲೇಜು ಹುಡುಗನಾಗಿದ್ದಾಗ. ಸ್ಟೀಪಲ್‌ಚೇಸ್ ಮತ್ತು 3,000 ಮೀಟರ್ ದಾಖಲೆಗಳು 1989ರವರೆಗೆ ಅಲುಗಲಿಲ್ಲ. ಸ್ಟೀಪಲ್‌ಚೇಸ್ ದಾಖಲೆ ಕೊನೆಗೆ ಮುರಿದ ಪೀಟರ್ ಕೋಚ್ ಕೂಡ ಪುಲ್‌ಮನ್ನಿನಲ್ಲಿ ಓದಿದ ಕೀನ್ಯಾದವನೇ. ನಮ್ಮ ದೇಶದ ಲೆಕ್ಕಕ್ಕೆ ತಗೊಳ್ಳಿ: ಮಹಾರಾಷ್ಟ್ರದ ಬೀಡ್ ಜಿಲ್ಲೆ ಗೊತ್ತಲ್ಲ, ಬರಗಾಲಕ್ಕೆ ಹೆಸರಾದದ್ದು. ಅಲ್ಲಿನ ರೈತನ ಮಗ ಅವಿನಾಶ್ ಸಾಬ್ಳೆ 2024ರಲ್ಲಿ ಪ್ಯಾರಿಸ್ಸಿನಲ್ಲಿ 8 ನಿಮಿಷ 9.91 ಸೆಕೆಂಡ್ ಓಡಿ ಭಾರತದ ದಾಖಲೆ ಮಾಡಿದ. ಎಂಥ ಸಾಧನೆ ಅದು! ಆದರೂ ರೋನೊ 46 ವರ್ಷ ಹಿಂದೆ ಓಡಿದ್ದಕ್ಕೆ ಇನ್ನೂ ನಾಲ್ಕೂವರೆ ಸೆಕೆಂಡ್ ಬಾಕಿ.

ಬೀಳು ಬಿಡದ ಹೊಲ

ಜೂನ್ ಮುಗಿದ ಮೇಲಾದರೂ ಹುಡುಗನಿಗೆ ಬಿಡುವು ಕೊಟ್ಟರಾ? ಇಲ್ಲ. ಜುಲೈನಲ್ಲಿ ಅಲ್ಜಿಯರ್ಸ್‌ನಲ್ಲಿ ಆಫ್ರಿಕಾ ಕ್ರೀಡಾಕೂಟ, ಎರಡು ಚಿನ್ನ. ಆಗಸ್ಟಿನಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಕಾಮನ್‌ವೆಲ್ತ್ ಕೂಟ, 5,000 ಮೀಟರ್ ಮತ್ತು ಸ್ಟೀಪಲ್‌ಚೇಸ್, ಮತ್ತೆ ಎರಡು ಚಿನ್ನ. ನಡುವೆ ಯೂರೋಪಿನ ಕೂಟಗಳು. ಆಮೇಲೆ ಕಾಲೇಜು ತೆರೆಯಿತು, ಕ್ರಾಸ್‌ಕಂಟ್ರಿ ಬಂತು. ನವೆಂಬರಿನಲ್ಲಿ ರಾಷ್ಟ್ರೀಯ ಓಟ. ಎರಡು ಸಲ ಮೊದಲ ಬಂದವನು, ನಾಲ್ಕು ವಿಶ್ವದಾಖಲೆ ಇರೋನು, ಆ ದಿನ ಬಂದ ಸ್ಥಾನ 237.

ಈ ಸಂಖ್ಯೆ ಕೇಳಿದಾಗ ಮೇಷ್ಟ್ರು ತಪ್ಪು ಓದಿದರು ಅಂದ್ಕೊಂಡೆ. ಸರಿಯಾಗೇ ಓದಿದ್ದರು. ನನ್ನ ಮಟ್ಟಿಗೆ ಹೇಳೋದಾದ್ರೆ, ರೋನೊನ ಅಷ್ಟೂ ಕಥೆಯಲ್ಲಿ ರೈತನಿಗೆ ಬೇಕಾದ್ದು 13 ನಿಮಿಷ 8 ಸೆಕೆಂಡ್ ಅಲ್ಲ, ಈ 237. ಮುಂಗಾರು, ಹಿಂಗಾರು, ಬೇಸಿಗೆ ಅಂತ ಗೊಬ್ಬರ ಹಾಕದೆ ಬೆಳೆ ಮೇಲೆ ಬೆಳೆ ಎತ್ತಿದ ಹೊಲ ಹೇಗಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಕಾಲೇಜಿನ ಕಿಟಕಿಯಿಂದ ಕಾಣೋ ರೈತರೂ ಅದನ್ನೇ ತಿಳ್ಕೊಂಡು ಬದುಕೋರು.

1979ರಲ್ಲಿ ಅವನು ಚೇತರಿಸಿಕೊಂಡು ಮೂರನೇ ಸಲ ಕ್ರಾಸ್‌ಕಂಟ್ರಿ ಗೆದ್ದ. 1980ರಲ್ಲಿ ಮಾಸ್ಕೊ ಒಲಿಂಪಿಕ್ಸ್ ಇತ್ತು. ರಷ್ಯಾ ಅಫ್ಘಾನಿಸ್ತಾನಕ್ಕೆ ನುಗ್ಗಿತು ಅಂತ ಅಮೆರಿಕ ಬಹಿಷ್ಕಾರ ಹಾಕಿತು, ಕೀನ್ಯಾ ಅದರ ಹಿಂದೆ ಹೋಯ್ತು. ಎರಡನೇ ಸಲ ಬೆಳೆ ಮಣ್ಣುಪಾಲು. ಅಷ್ಟು ದೊಡ್ಡ ಓಟಗಾರ ಒಂದು ಒಲಿಂಪಿಕ್ಸಿನಲ್ಲೂ ಓಡದೆ ಹೋದ.

ಆ ಹೊತ್ತಿಗೆ ಕುಡಿತ ಹತ್ತಿತ್ತು. ಊರು ಬಿಟ್ಟು ಸಾವಿರಾರು ಮೈಲಿ, ಭಾಷೆ ಬೇರೆ, ಊಟ ಬೇರೆ, ಸುತ್ತ ಚಪ್ಪಾಳೆ ತಟ್ಟೋರು ಇದ್ದರೂ ಮನೆಯವರು ಅನ್ನೋರು ಇಲ್ಲ. ಮೈ ದಪ್ಪ ಆಯ್ತು. 1981ರಲ್ಲಿ ಯೂರೋಪಿನಲ್ಲಿ ಕೂಟದಿಂದ ಕೂಟಕ್ಕೆ ಓಡ್ತಾ ಓಡ್ತಾ ಮೈ ಇಳಿಸಿದ. ಸೆಪ್ಟೆಂಬರ್ 13ರಂದು ನಾರ್ವೆಯ ಕ್ನಾರ್ವಿಕ್ ಅನ್ನೋ ಸಣ್ಣ ಊರಲ್ಲಿ, ಹಿಂದಿನ ರಾತ್ರಿ ಕುಡಿದಿದ್ದನ್ನು ಬೆಳಿಗ್ಗೆ ಓಡಿ ಬೆವರಿಳಿಸಿ ಕಳೆದು, ಸಂಜೆ 5,000 ಮೀಟರನ್ನು 13 ನಿಮಿಷ 6.20 ಸೆಕೆಂಡಿನಲ್ಲಿ ಮುಗಿಸಿದ. ತನ್ನದೇ ವಿಶ್ವದಾಖಲೆ ತಾನೇ ಮುರಿದ. ಇದನ್ನು ಕೆಲವರು ಹೆಮ್ಮೆಯ ಕಥೆಯಾಗಿ ಹೇಳ್ತಾರಂತೆ. ಕುಡಿದೂ ಓಡಿದ ನೋಡು ಅಂತ. ನನಗೇನೋ ಹೊಟ್ಟೆ ತೊಳಸುತ್ತೆ. ಕುಡಿತಕ್ಕೆ ಬಿದ್ದ ದುಡಿಯೋ ಗಂಡಸರನ್ನು ಪ್ರತಿ ಊರಲ್ಲೂ ನೋಡಿದ್ದೀವಿ, ಮೊದಲ ಒಂದೆರಡು ವರ್ಷ ಅವರು ಎಲ್ಲರಿಗಿಂತ ಹೆಚ್ಚೇ ಗೇಯ್ತಾರೆ.

ಅದೇ ಅವನ ಕೊನೆಯ ದಾಖಲೆ. ಸಂಪಾದಿಸಿದ ದುಡ್ಡು ನಿಲ್ಲಲಿಲ್ಲ. ಅಮೆರಿಕದಲ್ಲಿ ಕಾರು ನಿಲ್ಲಿಸೋ ಜಾಗದಲ್ಲಿ ಕೆಲಸ ಮಾಡಿದ, ಕಾರು ತೊಳೆದ, ಮನೆ ಇಲ್ಲದವರ ಆಶ್ರಯದಲ್ಲಿ ಮಲಗಿದ, ವಿಮಾನ ನಿಲ್ದಾಣದಲ್ಲಿ ಗಂಟುಮೂಟೆ ಹೊತ್ತ. ಎಷ್ಟೋ ವರ್ಷದ ಮೇಲೆ ಕುಡಿತ ಬಿಟ್ಟು, ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿ ಓಟ ಕಲಿಸುತ್ತಾ ಬದುಕು ಕಟ್ಟಿಕೊಂಡ. 2007ರಲ್ಲಿ ತನ್ನ ಕಥೆಯನ್ನು ಪುಸ್ತಕ ಮಾಡಿದ. 2019ರಲ್ಲಿ ಕೀನ್ಯಾಕ್ಕೆ ವಾಪಸ್ ಬಂದ. 2024ರ ಫೆಬ್ರವರಿ 15ರಂದು ನೈರೋಬಿಯಲ್ಲಿ ತೀರಿಕೊಂಡಾಗ 72 ವರ್ಷ.

ನಮ್ಮ ಮನೆಯ ಲೆಕ್ಕ

ಈಗ ಯಾಕೆ ಬರೆದೆ ಅನ್ನೋದಕ್ಕೆ ಬರ್ತೀನಿ. ನನ್ನ ತಮ್ಮನ ಮಗಳು ಓಡ್ತಾಳೆ. ಪಿಯುಸಿ ಮುಗಿಸಿದ್ದಾಳೆ. 3,000 ಮೀಟರನ್ನು 11 ನಿಮಿಷದೊಳಗೆ ಮುಗಿಸ್ತಾಳೆ. ಹೋದ ವರ್ಷ ಜಿಲ್ಲೆಗೆ ಮೊದಲನೆಯವಳು. ದೂರದ ಒಂದು ಕಾಲೇಜಿನವರು ಕ್ರೀಡಾ ಕೋಟಾದಲ್ಲಿ ಸೀಟು ಕೊಡ್ತೀವಿ, ಫೀಸು, ಹಾಸ್ಟೆಲ್, ಊಟ, ಶೂ ಎಲ್ಲಾ ನಮ್ಮದೇ ಅಂತ ಬಂದರು. ಇದ್ದ ನಾಲ್ಕು ಎಕರೆ ಖುಷ್ಕಿಯಲ್ಲಿ ಹಿಂದಿನ ವರ್ಷ ರಾಗಿ ತೆನೆ ಕಟ್ಟೋ ಹೊತ್ತಿಗೆ ಮಳೆ ಕೈಕೊಟ್ಟಿತ್ತು. ತಮ್ಮನಿಗೆ ಫೀಸು ಕಟ್ಟೋ ಶಕ್ತಿ ಇಲ್ಲ. ಪುಕ್ಕಟೆ ಓದು ಸಿಗೋದಾದ್ರೆ ದೇವರು ಕೊಟ್ಟ ಹಾಗೆ ಅಂದ ಅವನು. ನಮ್ಮಮ್ಮ ಮಾತ್ರ, "ಕಾಲು ನೋಡಿ ಕೊಡೋ ಅನ್ನ, ಕಾಲು ನೋಯೋ ದಿನ ಏನಾಗ್ತದಪ್ಪ?" ಅಂದಳು.

ಆ ಮಾತು ಸುಮ್ಮನೆ ಬಂದದ್ದಲ್ಲ. ಪಕ್ಕದ ಊರಿನ ಒಬ್ಬ ಹುಡುಗ ಹೀಗೇ ಒಂದು ಕಾಲೇಜಿಗೆ ಹೋಗಿದ್ದ. ಮುಂಗಾಲಿನ ಮೂಳೆ ನೋವು ಅಂತ ಹೇಳಿದರೂ ಎಣ್ಣೆ ತಿಕ್ಕಿಸಿ ಓಡಿಸಿದರು. ಕೊನೆಗೆ ಎಕ್ಸ್‌ರೇಯಲ್ಲಿ ಮೂಳೆ ಬಿರುಕು ಕಂಡಿತು. ಆರು ತಿಂಗಳು ಓಡಲಾಗಲಿಲ್ಲ. ಮುಂದಿನ ವರ್ಷ ಫೀಸು ಕಟ್ಟು ಅಂದರು, ಮಾರ್ಕ್ಸ್ ಕಾರ್ಡ್ ಕೊಡೋದಕ್ಕೂ ಸತಾಯಿಸಿದರು. ಆ ಹುಡುಗ ಈಗ ಗಾರ್ಮೆಂಟ್ಸಿನಲ್ಲಿದ್ದಾನೆ.

ಅದಕ್ಕೇ ನಾನೂ ತಮ್ಮನೂ ಬಸ್ಸು ಹತ್ತಿ ಆ ಕಾಲೇಜಿಗೇ ಹೋದೆವು. ಕೋಚ್ ಎದುರು ಕೂತು ಕೇಳಿದೆವು. ವರ್ಷಕ್ಕೆ ಎಷ್ಟು ಓಟ ಓಡಿಸ್ತೀರಿ? ಕಾಲೇಜು, ಯೂನಿವರ್ಸಿಟಿ, ರಾಜ್ಯದ ಫೆಡರೇಷನ್, ಮೂರೂ ಕಡೆಯ ಕೂಟ ಬಂದಾಗ ಬೇಡ ಅನ್ನೋರು ಯಾರು? ಪೂರಾ ಓಡದೆ ಇರೋ ತಿಂಗಳು ಇದೆಯಾ? ಕಾಲು ಮುರಿದರೆ ಡಿಗ್ರಿ ಮುಗಿಯೋವರೆಗೂ ಸೀಟು ಇರುತ್ತಾ? ಒರಿಜಿನಲ್ ಸರ್ಟಿಫಿಕೇಟ್ ಯಾರ ಹತ್ರ ಇರುತ್ತೆ? ಪರೀಕ್ಷೆ ದಿನ ಕೂಟ ಬಿದ್ದರೆ ಯಾವುದಕ್ಕೆ ಕಳಿಸ್ತೀರಿ? ಹೆಣ್ಣುಮಕ್ಕಳನ್ನು ಹೊರ ಊರಿಗೆ ಕರೆದೊಯ್ಯುವಾಗ ಜೊತೆಗೆ ಹೆಂಗಸರು ಯಾರು ಬರ್ತಾರೆ?

ಕೋಚ್ ಮೊದಲು ನಕ್ಕರು. ಆಮೇಲೆ ಕೂತು ಒಂದೊಂದಕ್ಕೂ ಉತ್ತರ ಕೊಟ್ಟರು. ಸೀಟಿನ ವಿಷಯ, ಸರ್ಟಿಫಿಕೇಟ್ ವಿಷಯ ಕಾಗದದಲ್ಲಿ ಬರೆಸಿ ಪ್ರಿನ್ಸಿಪಾಲರ ಸಹಿ ಹಾಕಿಸಿಕೊಟ್ಟರು. ಜೂನ್ ತಿಂಗಳು ಪೂರ್ತಿ ಮನೆಗೆ ಕಳಿಸ್ತೀವಿ ಅಂದರು. ಜೂನಿನಲ್ಲಿ ನಮಗೂ ಬಿತ್ತನೆಗೆ ಒಂದು ಆಳು ಸಿಕ್ಕ ಹಾಗಾಯ್ತು ಅಂತ ತಮ್ಮ ಅಂದ. "ಬಿಡುವು ಅಂದ್ರೆ ಬಿಡುವು ಕಣೋ, ಕುಂಟೆ ಹಿಡಿಯೋದಲ್ಲ" ಅಂತ ನಾನು ಗದರಿದೆ. 

ಅವರು ಹೇಳಿದ ಇನ್ನೊಂದು ಮಾತು ಹೆಣ್ಣುಮಕ್ಕಳಿರೋ ಮನೆಯವರೆಲ್ಲ ಕೇಳಬೇಕಾದ್ದು. ಸೇರಿಸಿಕೊಳ್ಳೋ ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂದರು. ಮಾಡಿಸಿದರೆ ಹಿಮೋಗ್ಲೋಬಿನ್ 9.8 ಬಂತು. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಜಿಲ್ಲೆಗೆ ಮೊದಲು ಬಂದ ಹುಡುಗಿ ಅಷ್ಟು ಕಡಿಮೆ ರಕ್ತದಲ್ಲಿ ಓಡಿದ್ದಳು! ರಾಗಿ ತಿಂತಾಳೆ, ಏನೂ ಆಗಲ್ಲ ಅಂತ ನಾವಿದ್ದೆವು. ಡಾಕ್ಟರು ತಿಳಿಸಿದರು: ರಾಗಿಯಲ್ಲಿ ಸುಣ್ಣದ ಅಂಶ ಜಾಸ್ತಿ, 100 ಗ್ರಾಂಗೆ 350 ಮಿಲಿಗ್ರಾಂ ಹತ್ತಿರ, ಮೂಳೆಗೆ ಅದು ಒಳ್ಳೆಯದು. ಆದರೆ ಕಬ್ಬಿಣದ ಅಂಶಕ್ಕೆ ಅದೊಂದನ್ನೇ ನಂಬಬೇಡಿ. ಹುರುಳಿ, ಸೊಪ್ಪು, ಮೊಟ್ಟೆ, ಆದರೆ ಮಾಂಸ ಕೊಡಿ, ಊಟದ ಜೊತೆ ನಿಂಬೆಹಣ್ಣು ಹಿಂಡಿ, ಊಟ ಆದ ತಕ್ಷಣ ಟೀ ಕಾಫಿ ಬೇಡ, ಅದು ಕಬ್ಬಿಣವನ್ನು ಮೈಗೆ ಹತ್ತಿಸೋದಿಲ್ಲ. ಜೊತೆಗೆ ಮೂರು ತಿಂಗಳು ಮಾತ್ರೆ ಬರೆದುಕೊಟ್ಟರು. ಮಾತ್ರೆ ಮುಗಿಯೋ ಹೊತ್ತಿಗೆ 11.9ಕ್ಕೆ ಬಂತು.

ಈಗ ಅವಳು ಅಲ್ಲೇ ಓದ್ತಿದ್ದಾಳೆ, ಬಿ.ಎ. ಮೊದಲನೇ ವರ್ಷ. ವಾರಕ್ಕೊಂದು ಸಲ ಫೋನು ಮಾಡ್ತಾಳೆ. ಎಷ್ಟು ನಿಮಿಷಕ್ಕೆ ಓಡಿದೆ ಅಂತ ನಾನು ಕೇಳೋದಿಲ್ಲ, ಅದನ್ನು ಅವಳಪ್ಪ ಕೇಳ್ತಾನೆ. ಊಟ ಏನು ಮಾಡಿದೆ, ಜೊತೆಗೆ ಯಾರಿದ್ದಾರೆ, ಕಾಲು ಎಲ್ಲಾದರೂ ನೋಯ್ತಿದೆಯಾ ಅಂತ ಕೇಳ್ತೀನಿ. ಹೋದ ಸಲ, "ದೊಡ್ಡಪ್ಪ, ಹಾಸ್ಟೆಲಲ್ಲಿ ಮೂರು ಹೊತ್ತೂ ಅನ್ನ, ಮುದ್ದೆ ಇಲ್ಲ, ಹುರುಳಿ ಕಟ್ಟಿನ ಸಾರೂ ಇಲ್ಲ" ಅಂದಳು. ಬಸ್ಸಿನ ಕಂಡಕ್ಟರ್ ಕೈಲಿ ಐದು ಸೇರು ರಾಗಿ ಹುರಿಹಿಟ್ಟು, ಎರಡು ಸೇರು ಹುರುಳಿ ಕಳಿಸಿದ್ದೀವಿ. ಮೊಳಕೆ ಕಟ್ಟೋದಕ್ಕೆ ಒಂದು ಹಳೇ ಪಂಚೆ ಹರಿದು ಜೊತೆಗೆ ಇಟ್ಟಿದ್ದಾಳೆ ನಮ್ಮಮ್ಮ.